ಚಿಗಟ, ಇಲಿ, ಊರ ಹೊರಗಿನ ಗುಡ್ಲು

ಮೊದಲು ಒಂದು ಮಾತು ಇತ್ಯರ್ಥ ಮಾಡಿಕೊಂಡುಬಿಡೋಣ. ಚಿಗಟ ಬೇರೆ, ಉಣ್ಣೆ ಬೇರೆ, ಹೇನು ಬೇರೆ. ನಾಯಿ ಕಿವಿಯಲ್ಲಿ ಹರಳುಬೀಜದ ಹಾಗೆ ಊದಿಕೊಂಡು ಕಚ್ಚಿ ಕೂತಿರುತ್ತಲ್ಲ, ಎಂಟು ಕಾಲಿನದು, ಅದು ಉಣ್ಣೆ. ಕೂದಲ ಬುಡದಲ್ಲಿ ನಿಧಾನಕ್ಕೆ ಹರಿದಾಡೋದು ಹೇನು. ಚಿಗಟ ಅಂದರೆ ಎಳ್ಳಿಗಿಂತ ಕೊಂಚ ಚಿಕ್ಕದು, ಕಂದು ಬಣ್ಣ, ಮೈ ಮಿರಮಿರ ಹೊಳೆಯುತ್ತೆ, ಬೆರಳು ತಾಕಿಸುವಷ್ಟರಲ್ಲಿ ಮಾಯ. ನಾಯಿ ಮೈಯಲ್ಲಿ ಚಿಗಟ ಕಣ್ಣಿಗೆ ಬೀಳದಿದ್ದರೂ ಅದರ ಹಿಕ್ಕೆ ಸಿಗುತ್ತೆ. ಬೆನ್ನ ಮೇಲಿನ ಕೂದಲು ಬಿಡಿಸಿದರೆ ಕಾಳುಮೆಣಸಿನ ಪುಡಿ ಉದುರಿಸಿದ ಹಾಗೆ ಕರಿ ಚುಕ್ಕೆ. ಅದನ್ನು ಒದ್ದೆ ಬಿಳಿ ಬಟ್ಟೆ ಮೇಲೆ ಹಾಕಿ ಒತ್ತಿ ನೋಡಿ. ಕೆಂಪಗಾದರೆ ಅದು ಮಣ್ಣಲ್ಲ, ಚಿಗಟ ಕುಡಿದು ಹೊರಗೆ ಹಾಕಿದ ರಕ್ತ.

ಈ ಸಲದ ಟಿಪ್ಪಣಿ ಔಷಧಿ ಬಗ್ಗೆ ಅಲ್ಲ. ಔಷಧಿ ಮಾತು ಮಧ್ಯೆ ಒಂದು ಕಡೆ ಬರುತ್ತೆ, ಅಷ್ಟೆ. ಇದು ಚಿಗಟದ ಚರಿತ್ರೆ. ಈ ಎಳ್ಳಿನಷ್ಟು ಪ್ರಾಣಿಯನ್ನ ಮನುಷ್ಯ ಸರಿಯಾಗಿ ತಿಳಿದುಕೊಳ್ಳೋದು ತಡವಾಗಿದ್ದಕ್ಕೆ ನಮ್ಮ ದೇಶದಲ್ಲೇ ಒಂದು ಕೋಟಿಗೂ ಹೆಚ್ಚು ಜನ ಸತ್ತರು. ನಮ್ಮ ಊರುಗಳೂ ಆ ಲೆಕ್ಕದಲ್ಲಿವೆ. ಉದ್ದ ಇದೆ, ಬಿಡುವಿದ್ದಾಗ ಓದಿ.

ಚಿಗಟವನ್ನು ಒಂದು ಸಲ ಹಿಡಿದು, ಸೋಪಿನ ನೀರಿನಲ್ಲಿ ಮುಳುಗಿಸಿ, ಮಕ್ಕಳ ಭೂತಗನ್ನಡಿಯಲ್ಲಿ ನೋಡಿ. ತಿಗಣೆ ಮೇಲಿಂದ ಒತ್ತಿದ ಹಾಗೆ ಚಪ್ಪಟೆ, ಅಲ್ವಾ? ಚಿಗಟ ಹಾಗಲ್ಲ, ಎರಡು ಪಕ್ಕದಿಂದ ಒತ್ತಿದ ಹಾಗೆ ಚಪ್ಪಟೆ. ಬೆಳೆದ ರಾಗಿ ಹೊಲದೊಳಗೆ ನಾವು ಭುಜ ಓರೆ ಮಾಡಿಕೊಂಡು ನುಗ್ಗುತ್ತೀವಲ್ಲ, ಅದು ಹುಟ್ಟಿನಿಂದಲೇ ಹಾಗಿದೆ. ಮೈ ಮೇಲಿನ ಮುಳ್ಳುಗೂದಲೆಲ್ಲ ಹಿಂದಕ್ಕೆ ಬಾಗಿವೆ. ಮುಂದಕ್ಕೆ ಹೋಗೋದಕ್ಕೆ ತಡೆಯಿಲ್ಲ, ಹಿಂದಕ್ಕೆ ಎಳೆದರೆ ಪ್ರತಿ ಮುಳ್ಳೂ ಒಂದೊಂದು ಕೂದಲಿಗೆ ಸಿಕ್ಕಿಕೊಳ್ಳುತ್ತೆ. ಬೆಕ್ಕು ನಾಯಿಗಳ ಚಿಗಟಕ್ಕೆ ಇದರ ಜೊತೆಗೆ ಕೆನ್ನೆ ಹತ್ತಿರ ಒಂದು ಸಾಲು, ಕತ್ತಿನ ಹಿಂದೆ ಒಂದು ಸಾಲು ಬಾಚಣಿಗೆ ಹಲ್ಲಿನಂಥ ಮುಳ್ಳುಗಳಿವೆ. ಇವುಗಳ ಶಾಸ್ತ್ರೀಯ ಹೆಸರು ಟೀನೊಸೆಫಲೈಡಿಸ್, ಅಂದರೆ ಬಾಚಣಿಗೆ ತಲೆಯದು ಅಂತಲೇ ಅರ್ಥ. ಇಲಿಯ ಚಿಗಟಕ್ಕೆ ಈ ಬಾಚಣಿಗೆ ಇಲ್ಲ. ಈ ವ್ಯತ್ಯಾಸ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ. ಇನ್ನು ಚರ್ಮ ಎಷ್ಟು ಗಟ್ಟಿ ಅಂದರೆ ಬೆರಳ ಮಧ್ಯೆ ಹೊಸಕಿದರೆ ಸಾಯೋಲ್ಲ, ಉಗುರಿನ ಮೇಲೆ ಉಗುರಿಟ್ಟು ಒತ್ತಿದರೆ ಮಾತ್ರ ಟಪ್ ಅನ್ನುತ್ತೆ.

ಈ ರೂಪವನ್ನು ಮೊದಲು ಜನರ ಮುಂದೆ ಬಿಡಿಸಿಟ್ಟವನು ರಾಬರ್ಟ್ ಹುಕ್. 1665ರ ಆರಂಭದಲ್ಲಿ ಲಂಡನ್ನಿನಲ್ಲಿ ಅವನ ‘ಮೈಕ್ರೋಗ್ರಾಫಿಯಾ’ ಪುಸ್ತಕ ಬಂತು. ಅದರೊಳಗೆ ಮಡಚಿಟ್ಟ ಒಂದು ಹಾಳೆ, ಬಿಡಿಸಿದರೆ ಸುಮಾರು ಒಂದೂವರೆ ಅಡಿ ಅಗಲದ ಚಿಗಟ. ದಿನಾ ತಮ್ಮ ಹಾಸಿಗೆಯಲ್ಲೇ ಇದ್ದ ಪ್ರಾಣಿಯನ್ನು ಬೆಕ್ಕಿನ ಗಾತ್ರದಲ್ಲಿ ನೋಡಿ ಜನ ಬೆರಗಾದರು. ಹುಕ್ ಅದರ ಚರ್ಮವನ್ನು ಹೊಳಪು ಕೊಟ್ಟ ಕವಚಕ್ಕೆ ಹೋಲಿಸಿದ, ಅದರ ಚೆಲುವನ್ನು ಮೆಚ್ಚಿಕೊಂಡ.

ಅದೇ ವರ್ಷ ಬೇಸಿಗೆಯಲ್ಲಿ ಲಂಡನ್ನಿಗೆ ಪ್ಲೇಗು ಬಂತು. ದಾಖಲಾದ ಸಾವುಗಳೇ ಸುಮಾರು 70,000. ನಗರದ ಅಧಿಕಾರಿಗಳು ಏನು ಮಾಡಿದರು ಗೊತ್ತಾ? ರೋಗ ಹರಡೋದು ನಾಯಿ ಬೆಕ್ಕುಗಳಿಂದ ಇರಬಹುದು ಅಂತ ಅವನ್ನು ಕೊಲ್ಲಿಸಿದರು. ಇಲಿ ಹಿಡಿಯೋ ಪ್ರಾಣಿಗಳನ್ನೇ ಹುಡುಕಿ ಹುಡುಕಿ ಹೊಡೆದರು. ಚಿಗಟದ ಅಷ್ಟು ದೊಡ್ಡ ಚಿತ್ರ ಪುಸ್ತಕದಂಗಡಿಯಲ್ಲಿ ಮಾರಾಟಕ್ಕಿದ್ದಾಗಲೇ ಇದೆಲ್ಲ ನಡೆಯಿತು. ಆಕಾರ ಗೊತ್ತಾದ ಮಾತ್ರಕ್ಕೆ ಅದು ಮಾಡೋ ಕೆಲಸ ಗೊತ್ತಾಗೋಲ್ಲ.

ಅದರ ಬದುಕು ತಿಳಿಯೋದಕ್ಕೆ ಹಾಲೆಂಡಿನ ಡೆಲ್ಫ್ಟ್ ಊರಿನ ಬಟ್ಟೆ ವ್ಯಾಪಾರಿ ಆಂಟೊನಿ ಲೇವನ್‌ಹುಕ್ ಬೇಕಾಯಿತು. ಆಗ ದೊಡ್ಡ ದೊಡ್ಡ ಪಂಡಿತರೂ ಚಿಗಟ ಧೂಳಿನಿಂದ, ಕೊಳೆಯಿಂದ ತಾನೇ ಹುಟ್ಟುತ್ತೆ ಅಂತ ನಂಬಿದ್ದರು. ಈತ ತಾನೇ ಉಜ್ಜಿದ ಗಾಜಿನ ಮಣಿ ಹಿಡಿದು, ಚಿಗಟ ಸಾಕಿ, ಮೊಟ್ಟೆ, ಹುಳ, ಗೂಡು, ಮತ್ತೆ ಚಿಗಟ ಅಂತ ಪೂರ್ತಿ ಸುತ್ತು ನೋಡಿ ಬರೆದ. ರೇಷ್ಮೆ ಸಾಕುವ ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳೋದು ಬೇಡ. ಚಂದ್ರಿಕೆ ಮೇಲೆ ಹಣ್ಣಾದ ಹುಳ ನೂಲು ಬಿಟ್ಟು ಗೂಡು ಕಟ್ಟೋ ಹಾಗೆಯೇ ಚಿಗಟದ ಹುಳವೂ ಕಟ್ಟುತ್ತೆ. ಆದರೆ ಇದರ ನೂಲು ಅಂಟು. ಸುತ್ತಲಿನ ಮಣ್ಣು, ಕಸ, ಕೂದಲು ಎಲ್ಲ ಅಂಟಿಕೊಂಡು ಗೂಡು ನೆಲದ ಧೂಳಿನ ಹಾಗೇ ಕಾಣುತ್ತೆ. ಧೂಳಿನಿಂದ ಹುಟ್ಟುತ್ತೆ ಅಂದವರನ್ನು ಪೂರ್ತಿ ಬೈಯೋಕಾಗಲ್ಲ ಬಿಡಿ.

ಸಾಕುಪ್ರಾಣಿ ಇರೋರಿಗೆ ಈ ಸುತ್ತಿನಲ್ಲಿ ಮುಖ್ಯವಾದ ಸಂಗತಿಯೊಂದಿದೆ. ಬೆಕ್ಕಿನ ಚಿಗಟ ಒಂದು ಸಲ ಪ್ರಾಣಿಯ ಮೈ ಹತ್ತಿತು ಅಂದರೆ ಸಾಮಾನ್ಯವಾಗಿ ಸಾಯೋವರೆಗೂ ಅಲ್ಲೇ. ಹೆಣ್ಣು ದಿನಕ್ಕೆ ತನ್ನ ತೂಕದ ಹತ್ತಾರು ಪಟ್ಟು ರಕ್ತ ಕುಡಿದು, ನಲವತ್ತರವರೆಗೂ ಮೊಟ್ಟೆ ಇಡುತ್ತೆ. ಹೇನಿನ ಸೀರಿನ ಹಾಗೆ ಈ ಮೊಟ್ಟೆ ಕೂದಲಿಗೆ ಅಂಟೋಲ್ಲ, ಉದುರುತ್ತೆ. ನಾಯಿ ಎಲ್ಲಿ ಮಲಗುತ್ತೋ ಅಲ್ಲೆಲ್ಲ ಬಿತ್ತನೆ ಆದ ಹಾಗೆ. ಮೊಟ್ಟೆ ಒಡೆದು ಬರೋ ಹುಳಕ್ಕೆ ಕಣ್ಣಿಲ್ಲ, ಕಾಲಿಲ್ಲ. ಬೆಳಕು ಕಂಡರೆ ಆಗದು, ಗೋಣಿಚೀಲದ ಅಡಿಗೆ, ನೆಲದ ಬಿರುಕಿಗೆ ಸೇರುತ್ತೆ. ಅದರ ಊಟ ಏನು? ಮೇಲಿಂದ ಉದುರೋ ಆ ಕಾಳುಮೆಣಸಿನ ಪುಡಿ. ಅಮ್ಮ ಹೆಚ್ಚಿಗೆ ರಕ್ತ ಕುಡಿದು ಅರ್ಧಂಬರ್ಧ ಜೀರ್ಣವಾದದ್ದನ್ನು ಮಕ್ಕಳಿಗೆ ಉದುರಿಸುತ್ತೆ. ಕೊಕ್ಕಿನಲ್ಲಿ ಕಾಳು ತಂದು ಕೊಡೋ ಹಕ್ಕಿಗಿಂತ ಇದೇನೂ ಕಡಿಮೆ ಅಲ್ಲ ಅಂತ ನನಗನ್ನಿಸುತ್ತೆ.

ಗೂಡಿನೊಳಗಿನ ಚಿಗಟಕ್ಕೆ ಅವಸರ ಇಲ್ಲ. ತಿಂಗಳುಗಟ್ಟಲೆ ಕಾಯಬಲ್ಲದು. ಹೆಜ್ಜೆ ಅದುರಿದರೆ, ಮೈ ಬಿಸಿ ತಗುಲಿದರೆ, ಉಸಿರಿನ ಇಂಗಾಲದ ಡೈ ಆಕ್ಸೈಡ್ ಬಂದರೆ ಆಗ ಸಿಡಿದು ಹೊರಗೆ ಬರುತ್ತೆ. ಬಹಳ ದಿನ ಬೀಗ ಹಾಕಿದ್ದ ಮನೆಗೆ ಕಾಲಿಟ್ಟ ಕೂಡಲೇ ಮೊಣಕಾಲವರೆಗೆ ಮುತ್ತೋದು ಇದೇ ಕಾರಣಕ್ಕೆ. ನಿಮ್ಮ ಕಾಲಿಗೆ ಹಾರಿದ್ದು ನಿಮ್ಮ ನಾಯಿ ಮೈಯಿಂದ ಬಂದದ್ದಲ್ಲ, ನೆಲದಿಂದ ಹೊಸದಾಗಿ ಎದ್ದದ್ದು. ಹಾಗಾಗಿ ನಾಯಿಗೆ ಮಾತ್ರ ಸ್ನಾನ ಮಾಡಿಸಿ ಅದು ಮಲಗೋ ಗೋಣಿಯನ್ನ ಹಾಗೇ ಬಿಟ್ಟರೆ ಕಳೆ ಮೇಲಿನ ಎಲೆ ಕಿತ್ತು ಬೇರು ಬಿಟ್ಟ ಹಾಗೆ.

ಹೆಸರಿಡೋ ಕೆಲಸ ಹದಿನೆಂಟು, ಹತ್ತೊಂಬತ್ತನೇ ಶತಮಾನದಲ್ಲಿ ನಡೆಯಿತು. ಮನುಷ್ಯರ ಚಿಗಟಕ್ಕೆ 1758ರಲ್ಲಿ ಲಿನೀಯಸ್, ನಾಯಿಯದಕ್ಕೆ 1826ರಲ್ಲಿ ಕರ್ಟಿಸ್, ಬೆಕ್ಕಿನದಕ್ಕೆ 1835ರಲ್ಲಿ ಬುಶೆ. ಹೆಸರು ನಂಬಿ ಕೂರಬೇಡಿ. ಬೆಕ್ಕಿನ ಚಿಗಟ ಅನ್ನೋದು ಪ್ರಪಂಚದ ಬಹುಪಾಲು ಕಡೆ ನಾಯಿ ಮೈಯಲ್ಲೇ ಹೆಚ್ಚು ಸಿಗುತ್ತೆ. ನಮ್ಮ ಕಡೆ ಮೇಕೆ, ನಾಯಿಗಳ ಮೇಲೆ ಅದರ ಹತ್ತಿರದ ನೆಂಟ ಓರಿಯೆಂಟಿಸ್ ಅನ್ನೋದು ಇದೆ. ಮೇಕೆ ದೊಡ್ಡಿಯಲ್ಲಿ ಮರಿಗಳು ಸೊರಗುತ್ತಿದ್ದರೆ ಹುಲ್ಲು ನೀರು ನೋಡೋದರ ಜೊತೆಗೆ ಹೊಟ್ಟೆ ಅಡಿಯ ಕೂದಲನ್ನೂ ಬಿಡಿಸಿ ನೋಡಿ.

ಈಗ ನಿಜವಾದ ಕಥೆಗೆ ಬರೋಣ.

1894ರಲ್ಲಿ ಹಾಂಗ್‌ಕಾಂಗಿನಲ್ಲಿ ಪ್ಲೇಗು. ಅಲ್ಲಿ ಅಲೆಕ್ಸಾಂಡ್ರ್ ಯೆರ್ಸಿನ್ ರೋಗದ ಬ್ಯಾಕ್ಟೀರಿಯಾ ಕಂಡುಹಿಡಿದ. 1896ರ ಸೆಪ್ಟೆಂಬರಿನಲ್ಲಿ ಅದು ಮುಂಬಯಿಯ ಮಾಂಡ್ವಿ ಬಂದರಿನ ಗೋದಾಮುಗಳ ಮಧ್ಯೆ ಕಾಣಿಸಿಕೊಂಡಿತು, ಡಾಕ್ಟರ್ ಅಕಾಸಿಯೊ ವಿಯೆಗಾಸ್ ಗುರುತಿಸಿದರು. ಬ್ಯಾಕ್ಟೀರಿಯಾ ಯಾವುದು ಅಂತ ಗೊತ್ತು. ಆದರೆ ಅದು ಒಬ್ಬರಿಂದ ಒಬ್ಬರಿಗೆ ಹೇಗೆ ಹೋಗುತ್ತೆ? ಗಾಳಿಯಲ್ಲಾ, ಬಟ್ಟೆಯಲ್ಲಾ, ನೆಲದಲ್ಲಾ, ಧಾನ್ಯದಲ್ಲಾ? ಗೊತ್ತಿಲ್ಲ. ಗೊತ್ತಿಲ್ಲದ ಸರ್ಕಾರ ಎಲ್ಲವನ್ನೂ ಮಾಡಿತು. ಮನೆಗಳಿಗೆ ಕಾರ್ಬಾಲಿಕ್ ನೀರು ಹೊಡೆದರು, ಹಾಸಿಗೆ ಸುಟ್ಟರು, ಬಿಸಿಲು ಬೀಳಲಿ ಅಂತ ಹೆಂಚು ಕೀಳಿಸಿದರು, ರೈಲ್ವೆ ಸ್ಟೇಷನ್ನಿನಲ್ಲಿ ಹೆಂಗಸರ ಕಂಕುಳು ತಡವಿ ಗಂಟು ಹುಡುಕಿದರು. 1897ರ ಫೆಬ್ರವರಿಯಲ್ಲಿ ಸಾಂಕ್ರಾಮಿಕ ರೋಗಗಳ ಕಾಯ್ದೆ ಬಂತು. ಪುಣೆಯಲ್ಲಿ ಸೋಲ್ಜರುಗಳು ಮನೆ ನುಗ್ಗಿದ ರೀತಿಗೆ ಜನ ರೊಚ್ಚಿಗೆದ್ದು, ಜೂನ್ 22ರ ರಾತ್ರಿ ಪ್ಲೇಗು ಅಧಿಕಾರಿ ರ‍್ಯಾಂಡ್‌ನನ್ನು ಚಾಪೇಕರ್ ಸಹೋದರರು ಗುಂಡಿಟ್ಟು ಕೊಂದರು. ಇಷ್ಟೆಲ್ಲದರ ಮಧ್ಯೆ ನೀರು ಹೊಡೆದ ಮನೆಯ ಇಲಿಗಳು ಪಕ್ಕದ ಮನೆಗೆ ಓಡುತ್ತಿದ್ದವು, ಮೈ ಮೇಲಿನ ಚಿಗಟದ ಸಮೇತ.

ಹಳ್ಳಿ ಜನಕ್ಕೆ ಒಂದು ಮಾತು ಮಾತ್ರ ಮೊದಲೇ ಗೊತ್ತಿತ್ತು. ಇಲಿ ಬಿತ್ತು ಅಂದರೆ ಊರು ಬಿಡಬೇಕು. ಹಿಮಾಲಯದ ಗಢವಾಲ, ಕುಮಾವೂಂ ಕಡೆ ಮಹಾಮಾರಿ ಬಂದಾಗ ಇಲಿ ಸಾಯೋದನ್ನು ಕಂಡ ಕೂಡಲೇ ಜನ ಊರು ಖಾಲಿ ಮಾಡಿ ಕಾಡು ಸೇರುತ್ತಿದ್ದರು ಅಂತ ಹತ್ತೊಂಬತ್ತನೇ ಶತಮಾನದ ಬ್ರಿಟಿಷ್ ದಾಖಲೆಗಳೇ ಹೇಳುತ್ತವೆ. ನಮ್ಮ ಮೈಸೂರು ಸೀಮೆಯಲ್ಲೂ ಅದೇ. ಭೈರಪ್ಪನವರ ‘ಗೃಹಭಂಗ’ ಓದಿದವರಿಗೆ ಪ್ಲೇಗು ಬಂದು ಊರು ಹೊರಗೆ ಗುಡಿಸಲು ಹಾಕಿಕೊಳ್ಳೋ ಚಿತ್ರ ಕಣ್ಣಿಗೆ ಕಟ್ಟಿರುತ್ತೆ. ನಮ್ಮಜ್ಜಿ ಅದನ್ನು ‘ಗುಡ್ಲು ಕಾಲ’ ಅನ್ನುತ್ತಿದ್ದಳು. ತೆಂಗಿನ ಗರಿ, ಜೋಳದ ಕಡ್ಡಿ, ಸೋಗೆ, ಸಿಕ್ಕಿದ್ದರಲ್ಲಿ ಹೊಲದ ಬದುವಿನ ಮೇಲೆ ಒಂದೊಂದು ಮನೆಗೆ ಒಂದೊಂದು ಗುಡ್ಲು. ದನ, ನಾಯಿ, ಕೋಳಿ ಎಲ್ಲ ಜೊತೆಗೆ. ಊರೊಳಗೆ ದೀಪ ಹಚ್ಚೋರಿಲ್ಲ. ಅಮ್ಮನಿಗೆ ಸಿಟ್ಟು ಬಂದಿದೆ ಅಂತ ಅವಳಂದರೆ ನಾನು ಹುಡುಗುಬುದ್ಧಿಯಲ್ಲಿ ನಗುತ್ತಿದ್ದೆ. ಕಾರಣ ಏನೇ ಹೇಳಲಿ, ಮಾಡಿದ ಕೆಲಸ ಸರಿಯಾಗಿತ್ತು. ಆಗಿನ ಕಾಲದ ಯಾವ ಕಾರ್ಬಾಲಿಕ್ ನೀರಿಗಿಂತಲೂ ಸರಿಯಾಗಿತ್ತು.

ಆ ನಡುವಿನ ಕೊಂಡಿ ಹುಡುಕಿದವನು ಪೋಲ್ ಲೂಯಿ ಸಿಮೊಂ ಅನ್ನೋ ಫ್ರೆಂಚ್ ಡಾಕ್ಟರ್. ಪ್ಯಾರಿಸ್ಸಿನ ಪಾಸ್ಚರ್ ಸಂಸ್ಥೆಯವನು. ಯೆರ್ಸಿನ್ ಜಾಗಕ್ಕೆ 1897ರಲ್ಲಿ ಇಂಡಿಯಾಕ್ಕೆ ಬಂದ. ಅವನು ಕಣ್ಣಿಟ್ಟು ನೋಡೋ ಮನುಷ್ಯ. ಒಂದು ಉಣ್ಣೆಬಟ್ಟೆ ಕಾರ್ಖಾನೆಯಲ್ಲಿ ಬೆಳಿಗ್ಗೆ ನೆಲದ ತುಂಬ ಸತ್ತ ಇಲಿ. 20 ಕೂಲಿಗಳಿಗೆ ಅದನ್ನು ಎತ್ತಿ ಹಾಕೋ ಕೆಲಸ ಕೊಟ್ಟರು. ಮೂರು ದಿನದೊಳಗೆ ಅವರಲ್ಲಿ 10 ಜನಕ್ಕೆ ಪ್ಲೇಗು. ಕಾರ್ಖಾನೆಯ ಬೇರೆಯವರಿಗೆ ಏನೂ ಆಗಲಿಲ್ಲ. ಅಂದರೆ ಆಗತಾನೇ ಸತ್ತ ಇಲಿ ಮುಟ್ಟಿದರೆ ಅಪಾಯ. ಆದರೆ ಸತ್ತು ದಿನ ಕಳೆದ ಇಲಿ ಮುಟ್ಟಿದವರಿಗೆ ಏನೂ ಆಗುತ್ತಿರಲಿಲ್ಲ. ಹೆಣದಲ್ಲಿ ಬ್ಯಾಕ್ಟೀರಿಯಾ ಇನ್ನೂ ಇದ್ದೇ ಇದೆ, ಹಾಗಾದರೆ ಹೋಗಿದ್ದು ಏನು? ಜೊತೆಗೆ ಕೆಲವು ರೋಗಿಗಳ ಮೈಮೇಲೆ, ಹೆಚ್ಚಾಗಿ ಕಾಲಿನ ಮೇಲೆ, ಗಂಟು ಏಳೋ ಮೊದಲು ಒಂದು ಸಣ್ಣ ನೀರುಗುಳ್ಳೆ. ಅದರೊಳಗೆ ಪ್ಲೇಗಿನ ಬ್ಯಾಕ್ಟೀರಿಯಾ. ಏನೋ ಕಚ್ಚಿದ ಗುರುತು.

ಹೋಗಿದ್ದು ಚಿಗಟ. ಮೈ ತಣ್ಣಗಾದ ಕೂಡಲೇ ಚಿಗಟ ಹೆಣ ಬಿಡುತ್ತೆ. ಉಣ್ಣೆ, ಹೇನಿಗಿಂತ ಅದು ಬೇಗ ಬಿಡುತ್ತೆ. ಕೋಳಿಯೋ ಇಲಿಯೋ ಬೆಕ್ಕೋ ಸತ್ತು ಗಂಟೆಗಳಾದ ಮೇಲೆ ಮುಟ್ಟಿದವರಿಗೆ ಮೈ ತುರಿಸದಿರೋದು, ಆಗಷ್ಟೇ ಸತ್ತದ್ದನ್ನು ಎತ್ತಿದವರಿಗೆ ಕೈಯೆಲ್ಲ ಹರಿದಾಡಿದ ಹಾಗಾಗೋದು ಇದರಿಂದಲೇ.

1898ರ ಜೂನ್ 2, ಕರಾಚಿ. ಸಿಮೊಂ ಇಳಿದಿದ್ದ ಹೋಟೆಲ್. ಪ್ಲೇಗು ರೋಗಿಯ ಮನೆಯಲ್ಲಿ ಹಿಡಿದ ಇಲಿಯೊಂದನ್ನು ಮರಳು ಹಾಸಿದ ದೊಡ್ಡ ಗಾಜಿನ ಜಾಡಿಯಲ್ಲಿ ಬಿಟ್ಟ. ಅದರ ಮೈಯಲ್ಲಿ ಚಿಗಟ ಇದ್ದವು. ಸಾಲದಿದ್ದರೆ ಅಂತ ಇನ್ನಷ್ಟನ್ನು ಹೋಟೆಲಿನ ಬೆಕ್ಕಿನ ಮೈಯಿಂದ ತೆಗೆದು ಹಾಕಿದ! ಪ್ರಪಂಚದ ವೈದ್ಯಚರಿತ್ರೆಯ ಅಷ್ಟು ದೊಡ್ಡ ಪ್ರಯೋಗಕ್ಕೆ ಒಂದು ಸಾಕಿದ ಬೆಕ್ಕಿನ ಚಿಗಟಗಳೂ ದುಡಿದಿವೆ. ರೋಗದ ಇಲಿ ಸಾಯೋ ಹಂತಕ್ಕೆ ಬಂದಾಗ ಆರೋಗ್ಯವಾಗಿದ್ದ ಇನ್ನೊಂದು ಇಲಿಯನ್ನು ತಂತಿ ಬಲೆಯ ಪುಟ್ಟ ಪಂಜರದಲ್ಲಿಟ್ಟು ಅದೇ ಜಾಡಿಯೊಳಗೆ ಮರಳಿನ ಮೇಲೆ ತೂಗುಹಾಕಿದ. ಎರಡೂ ಒಂದನ್ನೊಂದು ಮುಟ್ಟೋಕಾಗದು, ಚಿಗಟ ಮಾತ್ರ ಹಾರಬಹುದು. ಮೊದಲನೆಯದು ಸತ್ತಿತು. ಹೆಣ ತಣ್ಣಗಾಗಿ ಚಿಗಟಗಳೆಲ್ಲ ಬಿಟ್ಟು ಹೋಗಲಿ ಅಂತ 36 ಗಂಟೆ ಹಾಗೇ ಬಿಟ್ಟ. ಕೆಲವು ದಿನದಲ್ಲಿ ಪಂಜರದ ಇಲಿಯೂ ಸತ್ತಿತು. ಕೊಯ್ದು ನೋಡಿದರೆ ತೊಡೆಸಂದಿ, ಕಂಕುಳಲ್ಲಿ ಗಂಟು, ಒಳಗೆಲ್ಲ ಪ್ಲೇಗು.

ಅದೇ ವರ್ಷ ಪ್ರಕಟಿಸಿದ. ಯಾರೂ ನಂಬಲಿಲ್ಲ. ಫಾರ್ಮೋಸಾದಲ್ಲಿ ಜಪಾನಿನ ಒಗಾಟಾ 1897ರಲ್ಲೇ ಇಲಿ ಚಿಗಟದಲ್ಲಿ ಪ್ಲೇಗು ಬ್ಯಾಕ್ಟೀರಿಯಾ ಕಂಡಿದ್ದ, ಅದನ್ನೂ ಕೇಳಲಿಲ್ಲ. ಇಂಡಿಯಾ ಸರ್ಕಾರ ಕೂರಿಸಿದ್ದ ಮೊದಲ ಪ್ಲೇಗು ಕಮಿಷನ್ ಸಿಮೊಂ ಸಾಕ್ಷ್ಯವನ್ನು ಗಣನೆಗೆ ತೆಗೆದುಕೊಳ್ಳೋ ಯೋಗ್ಯತೆಯೇ ಇಲ್ಲದ್ದು ಅನ್ನೋ ಧಾಟಿಯಲ್ಲಿ ತಳ್ಳಿಹಾಕಿತು. ಬೇರೆಯವರು ಅದೇ ಪ್ರಯೋಗ ಮಾಡಿದಾಗ ಫಲ ಬರಲಿಲ್ಲ ಅನ್ನೋದೂ ಒಂದು ಕಾರಣ. ಯಾವ ಚಿಗಟ ಅನ್ನೋದನ್ನು ಅವರು ಯಾರೂ ಕೇಳಲಿಲ್ಲ. ಆಗ ಎಲ್ಲ ಚಿಗಟವೂ ಒಂದೇ.

ಸಿಮೊಂ ಜಾಡಿ ಮುಂದೆ ಕೂತ ಎರಡು ತಿಂಗಳಿಗೆ, ಆಗಸ್ಟ್ 1898ರಲ್ಲಿ, ಪ್ಲೇಗು ಬೆಂಗಳೂರಿಗೆ ಬಂತು. ಹುಬ್ಬಳ್ಳಿ ಕಡೆ ಅದು ಮೊದಲೇ ಉರಿಯುತ್ತಿತ್ತು, ಅಲ್ಲಿಂದ ರೈಲಿನ ದಾರಿ. ಹುಬ್ಬಳ್ಳಿಯಲ್ಲಿ ಆ ವರ್ಷ ಹಾಫ್‌ಕಿನ್ ಕಂಡುಹಿಡಿದ ಲಸಿಕೆಯನ್ನು ಹತ್ತಾರು ಸಾವಿರ ಜನಕ್ಕೆ ಚುಚ್ಚಿದರು. ಆ ಪುಣ್ಯಾತ್ಮ 1897ರ ಜನವರಿಯಲ್ಲಿ ಮುಂಬಯಿಯಲ್ಲಿ ಮೊದಲು ತನಗೇ ಚುಚ್ಚಿಕೊಂಡಿದ್ದ. ಬೆಂಗಳೂರಿನ ಪೇಟೆ ಬೀದಿಗಳು ಖಾಲಿಯಾದವು. ಬಸವನಗುಡಿ, ಮಲ್ಲೇಶ್ವರ ಅಂತ ಅಗಲ ರಸ್ತೆ, ಚರಂಡಿ, ಮನೆ ಮನೆ ನಡುವೆ ಜಾಗ ಬಿಟ್ಟ ಬಡಾವಣೆಗಳು ಎದ್ದದ್ದು ಆ ಹೊಡೆತಕ್ಕೆ. ಪ್ಲೇಗಮ್ಮನ ಗುಡಿಗಳು ಎದ್ದದ್ದೂ ಆಗಲೇ. ಬಡಾವಣೆ ಹಾಕಿದ ಇಂಜಿನಿಯರಿಗೂ ಚಿಗಟ ಗೊತ್ತಿಲ್ಲ, ಗುಡಿ ಕಟ್ಟಿದ ಭಕ್ತನಿಗೂ ಗೊತ್ತಿಲ್ಲ, ಗುಡ್ಲಿಗೆ ಹೋದ ರೈತನಿಗೂ ಗೊತ್ತಿಲ್ಲ. ಗೊತ್ತಿದ್ದ ಒಬ್ಬನ ಮಾತನ್ನು ಕೇಳೋರಿಲ್ಲ. ಹೀಗೆ ಸುಮಾರು ಎಂಟು ವರ್ಷ ಹೋಯಿತು. ಆ ಎಂಟು ವರ್ಷದಲ್ಲಿ ಸತ್ತವರ ಲೆಕ್ಕ ಲಕ್ಷಗಳಲ್ಲಿದೆ.

ಕಣ್ಣು ತೆರೆಸಿದ್ದು ಗಿನಿಯಿಲಿ. ಮುಂಬಯಿಯ ಪ್ರಾಣಿಸಂಗ್ರಹಾಲಯದಲ್ಲಿ ಸಾಕಿದ್ದ ಗಿನಿಯಿಲಿಗಳು 1903ರಲ್ಲಿ ಇದ್ದಕ್ಕಿದ್ದ ಹಾಗೆ ಸಾಯೋಕೆ ಶುರುವಾದವು. ಗ್ಲೆನ್ ಲಿಸ್ಟನ್ ಅನ್ನೋ ಡಾಕ್ಟರ್ ನೋಡಿದ. ಪ್ಲೇಗು. ಮೈಮೇಲೆ ಇಲಿ ಚಿಗಟ, ಬಾಚಣಿಗೆ ಇಲ್ಲದ್ದು. ಅವನಿಗೆ ಒಂದು ಉಪಾಯ ಹೊಳೆಯಿತು. ಪ್ಲೇಗು ಬಂದು ಜನ ಬಿಟ್ಟುಹೋದ ಮನೆಗಳೊಳಗೆ ಗಿನಿಯಿಲಿಗಳನ್ನು ಓಡಾಡೋಕೆ ಬಿಟ್ಟ. ಹಸಿದ ಚಿಗಟಗಳೆಲ್ಲ ಅವುಗಳ ಮೈ ಹತ್ತಿದವು. ಬಾಚಿ ತೆಗೆದು ಎಣಿಸಿದ. ಇಲಿ ಸತ್ತ ಮನೆಯಲ್ಲಿ ಇಲಿ ಚಿಗಟ ಗುಂಪು ಗುಂಪು. ಇಲಿ ಇರೋವರೆಗೆ ಅದು ಮನುಷ್ಯನ ತಂಟೆಗೆ ಬರೋದು ಕಡಿಮೆ. ಇಲಿ ಮುಗಿದ ಮೇಲೆ, ಹಸಿವು ತಡೆಯಲಾರದೆ, ಸಿಕ್ಕಿದವರನ್ನು ಕಚ್ಚುತ್ತೆ.

ಇಲಿ ಬಿದ್ದ ಕೂಡಲೇ ಊರು ಬಿಡಬೇಕು ಅನ್ನೋದರ ಗಣಿತ ಇದೇ ನೋಡಿ. ಇಲಿ ಬಿದ್ದದ್ದಕ್ಕೂ ಮನುಷ್ಯನಿಗೆ ಜ್ವರ ಬರೋದಕ್ಕೂ ನಡುವೆ ಕೆಲವು ದಿನದ ಬಿಡುವಿದೆ. ಆ ಬಿಡುವಿನಲ್ಲಿ ಹೊರಟವರು ಉಳಿದರು. ಚಿಗಟಕ್ಕೆ ರೆಕ್ಕೆಯಿಲ್ಲ, ಹೊಲದವರೆಗೆ ಹಿಂದೆ ಬರೋಕಾಗದು. ಹೊಸ ಗುಡ್ಲಿನ ಬಿಸಿಲು ಬಿದ್ದ ನೆಲದಲ್ಲಿ ಹುಳ ಬೆಳೆಯೋಕೆ ಕತ್ತಲೆಯೂ ಇಲ್ಲ, ಧೂಳೂ ಇಲ್ಲ. ಆದರೆ ಹೋಗೋವಾಗ ರಾಗಿ ಮೂಟೆ, ಕಂಬಳಿ ಗಂಟು ಹೊತ್ತುಕೊಂಡು ಹೋದರೆ ಅದರೊಳಗೆ ಚಿಗಟವೂ ಸವಾರಿ. ಮರೆತದ್ದು ತರೋಕೆ ಅಂತ ನಡುವೆ ಮನೆಗೆ ಹೋಗಿ ಬಂದರೂ ಅಷ್ಟೆ. ಗುಡ್ಲಿಗೆ ಹೋದ ಮೇಲೂ ಕೆಲವು ಮನೆಗಳಲ್ಲಿ ಸಾವಾಗಿದ್ದು ಹೀಗೆ.

1905ರಲ್ಲಿ ಕೂತ ಹೊಸ ಕಮಿಷನ್ ಮುಂಬಯಿಯ ಪರೇಲಿನಲ್ಲಿ, ಈಗಿನ ಹಾಫ್‌ಕಿನ್ ಸಂಸ್ಥೆಯ ಜಾಗದಲ್ಲಿ, ಇದನ್ನೆಲ್ಲ ಕಲ್ಲಿನ ಮೇಲೆ ಬರೆದ ಹಾಗೆ ಸಾಬೀತು ಮಾಡಿತು. ಅವರ ಪ್ರಯೋಗಗಳು ನನಗೆ ಬಹಳ ಇಷ್ಟ, ಹೊಲದಲ್ಲಿ ನಾವು ಸಾಲು ಬಿಟ್ಟು ಸಾಲು ಗೊಬ್ಬರ ಹಾಕಿ ನೋಡೋ ಹಾಗೆ ಸರಳ. ಚಿಗಟ ಇಲ್ಲದ ಕಡೆ ರೋಗದ ಗಿನಿಯಿಲಿ, ಆರೋಗ್ಯದ ಗಿನಿಯಿಲಿ ಒಟ್ಟಿಗೆ ಬಿಟ್ಟರು. ಒಂದೇ ತಟ್ಟೆಯಲ್ಲಿ ತಿಂದವು. ರೋಗದ ತಾಯಿಯ ಹಾಲನ್ನು ಮರಿ ಕುಡಿಯಿತು. ಏನೂ ಹರಡಲಿಲ್ಲ. ಅದೇ ಕೋಣೆಗೆ ಇಲಿ ಚಿಗಟ ಬಿಟ್ಟರು, ಹರಡಿತು. ಆಮೇಲೆ ಪಂಜರ ತೂಗುಹಾಕಿದರು. ನೆಲದಿಂದ ಎರಡು ಇಂಚು ಮೇಲಿದ್ದ ಗಿನಿಯಿಲಿಗೆ ರೋಗ ಬಂತು. ಎರಡು ಅಡಿ ಮೇಲಿದ್ದದ್ದಕ್ಕೆ ಬರಲಿಲ್ಲ. ಇಲಿ ಚಿಗಟದ ನೆಗೆತ ನಾಲ್ಕು ಇಂಚಿನ ಆಸುಪಾಸು. ಗಾಳಿಯಲ್ಲಿ ರೋಗ ಇದ್ದಿದ್ದರೆ ಎರಡಡಿ ಯಾವ ಲೆಕ್ಕ?

ಆ ಬಾಚಣಿಗೆಯಿಲ್ಲದ ಇಲಿ ಚಿಗಟಕ್ಕೆ 1903ರಲ್ಲಿ ಹೆಸರಿಟ್ಟವನು ಚಾರ್ಲ್ಸ್ ರಾಥ್ಸ್‌ಚೈಲ್ಡ್. ದೊಡ್ಡ ಬ್ಯಾಂಕು ಮನೆತನದವನು, ಹೊಟ್ಟೆಪಾಡು ಬ್ಯಾಂಕಿನದು, ಮನಸ್ಸು ಚಿಗಟದ್ದು. ಸುಡಾನಿನ ಶೆಂಡಿ ಅನ್ನೋ ಕಡೆ ಸಿಕ್ಕಿದ ಇದಕ್ಕೆ ಪಿರಮಿಡ್ ಕಟ್ಟಿಸಿದ ಕಿಯೋಪ್ಸ್ ದೊರೆಯ ಹೆಸರು ಸೇರಿಸಿ ಕಿಯೋಪಿಸ್ ಅಂದ. ಅವನು ಕೂಡಿಹಾಕಿದ ಚಿಗಟಗಳು ಈಗ ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಮ್ಮಿನಲ್ಲಿವೆ. ಕೆಲಸಕ್ಕೆ ಬಾರದ ಹುಚ್ಚು ಅಂತ ನಕ್ಕವರು ಇದ್ದಿರಬಹುದು. ಆದರೆ ಯಾವ ಚಿಗಟ ಅನ್ನೋ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಇಂಥ ಹುಚ್ಚಿನಿಂದ.

ಮತ್ತೆ ಯಾಕೆ ಈ ಚಿಗಟವೇ? 1914ರಲ್ಲಿ ಲಂಡನ್ನಿನ ಲಿಸ್ಟರ್ ಸಂಸ್ಥೆಯ ಬೇಕಟ್ ಮತ್ತು ಮಾರ್ಟಿನ್ ಅದರ ಹೊಟ್ಟೆ ಕೊಯ್ದು ನೋಡಿದರು. ಚಿಗಟದ ಗಂಟಲಿಗೂ ಹೊಟ್ಟೆಗೂ ಮಧ್ಯೆ ಒಳಗೆಲ್ಲ ಮುಳ್ಳಿರೋ ಒಂದು ಕವಾಟ ಇದೆ. ಪಂಪಿನ ಫುಟ್‌ವಾಲ್ವ್ ಇದ್ದ ಹಾಗೆ, ಕುಡಿದ ರಕ್ತ ವಾಪಸ್ ಬರದ ಹಾಗೆ ತಡೆಯುತ್ತೆ. ಪ್ಲೇಗಿನ ಬ್ಯಾಕ್ಟೀರಿಯಾ ಆ ಮುಳ್ಳುಗಳ ಮಧ್ಯೆ ಬೆಳೆದು ಬಿರಡೆ ಹಾಕಿಬಿಡುತ್ತೆ. ಆಮೇಲೆ ಚಿಗಟ ಎಷ್ಟು ಹೀರಿದರೂ ರಕ್ತ ಹೊಟ್ಟೆಗೆ ಇಳಿಯೋಲ್ಲ. ಹಸಿವು, ಮತ್ತೆ ಕಚ್ಚುತ್ತೆ, ಮತ್ತೆ ಹೀರುತ್ತೆ, ಬಿರಡೆಗೆ ಬಡಿದ ರಕ್ತ ಬ್ಯಾಕ್ಟೀರಿಯಾ ಸಮೇತ ಗಾಯಕ್ಕೇ ವಾಪಸ್. ಹಸಿವಿನಿಂದ ಸಾಯೋ ಮೊದಲು ಎಷ್ಟು ಜನಕ್ಕೆ ಆಯಿತೋ ಅಷ್ಟು ಜನಕ್ಕೆ ಹಂಚಿ ಸಾಯುತ್ತೆ. ಬಿರು ಬೇಸಿಗೆಯಲ್ಲಿ ಈ ಬಿರಡೆ ಸರಿಯಾಗಿ ನಿಲ್ಲೋಲ್ಲ, ಅದಕ್ಕೇ ಪ್ಲೇಗು ಬಿಸಿಲಿಗೆ ಇಳಿಯುತ್ತಿತ್ತು, ತಂಪಿಗೆ ಏರುತ್ತಿತ್ತು. ಬೆಕ್ಕು ನಾಯಿಗಳ ಚಿಗಟದಲ್ಲಿ ಈ ಬಿರಡೆ ಕಟ್ಟೋದು ಬಹಳ ಅಪರೂಪ. ಹಾಗಾಗಿ ನಿಮ್ಮ ನಾಯಿ ಚಿಗಟ ಕಂಡು ಪ್ಲೇಗು ಅಂತ ಹೆದರಬೇಕಿಲ್ಲ. ಕರಾಚಿಯ ಆ ಬೆಕ್ಕಿನ ಚಿಗಟಗಳು ಬರೀ ಹಾಜರಾತಿ ಹಾಕಿದ್ದವು, ಕೆಲಸ ಮಾಡಿದ್ದು ಇಲಿಯವು ಅಂತಲೇ ನನ್ನ ಅನುಮಾನ.

ಬೆಕ್ಕಿನ ಮಾತು ಬಂತಲ್ಲ. ಲಂಡನ್ನಿನಲ್ಲಿ ಹೊಡೆದು ಕೊಂದ ಬೆಕ್ಕಿಗೆ ಇಂಡಿಯಾದಲ್ಲಿ ನ್ಯಾಯ ಸಿಕ್ಕಿತು. ಇಲ್ಲಿನ ಬ್ರಿಟಿಷ್ ವೈದ್ಯಾಧಿಕಾರಿ ಆಂಡ್ರ್ಯೂ ಬುಕಾನನ್ 1908ರ ಸುಮಾರಿಗೆ, ಬೆಕ್ಕು ಹೆಚ್ಚಿರೋ ಹಳ್ಳಿಗಳಲ್ಲಿ ಪ್ಲೇಗು ಇಲ್ಲ, ಎಲ್ಲರೂ ಬೆಕ್ಕು ಸಾಕಿ ಅಂತ ಬರೆದ. ದೊಡ್ಡ ಪತ್ರಿಕೆಗಳಲ್ಲಿ ಚರ್ಚೆಯಾಯಿತು. ಬೆಕ್ಕೇ ಎಲ್ಲವನ್ನೂ ತಡೆಯಿತು ಅನ್ನೋದು ಅತಿಯಾಯ್ತು. ಆದರೂ ಕಣಜದ ಮನೆಗೆ ಒಂದು ಬೆಕ್ಕು ಬೇಕು ಅನ್ನೋದರಲ್ಲಿ ನನಗೆ ಎರಡು ಮಾತಿಲ್ಲ.

ಇಲ್ಲಿ ಆ ಔಷಧಿ ಮಾತು. ದನಕ್ಕೆ ಹಾಕೋ ಉಣ್ಣೆ ಔಷಧಿಯನ್ನು, ಪರ್ಮೆಥ್ರಿನ್ ಜಾತಿಯದನ್ನು, ಉಳಿಯಿತು ಅಂತ ಬೆಕ್ಕಿನ ಮೇಲೆ ಸುರಿಯಬೇಡಿ. ನಾಯಿ ತಡೆದುಕೊಳ್ಳೋ ಪ್ರಮಾಣಕ್ಕೂ ಬೆಕ್ಕು ನಡುಗಿ, ಸೆಳೆತ ಬಂದು ಸಾಯುತ್ತೆ. ಅದರ ಈಲಿಗೆ ಆ ವಿಷ ಮುರಿಯೋ ಶಕ್ತಿ ಕಡಿಮೆ. ಬೆಕ್ಕಿಗೆ ಅಂತಲೇ ಬರೆದಿರೋದನ್ನು ಪಶುವೈದ್ಯರನ್ನು ಕೇಳಿ ಹಾಕಿ. ಇನ್ನೊಂದು, ನಾಯಿಮರಿ ಹಿಂಭಾಗದಲ್ಲಿ ಸೌತೆ ಬೀಜದಂಥ ಬಿಳಿ ತುಣುಕು ಹರಿದಾಡಿದರೆ ಅದು ಲಾಡಿಹುಳ. ಅದರ ಮೊಟ್ಟೆಯನ್ನು ತಿನ್ನೋದು ಚಿಗಟದ ಹುಳ, ಮೈ ನೆಕ್ಕುವಾಗ ಆ ಚಿಗಟವನ್ನು ನುಂಗೋದು ನಾಯಿ. ಬರೀ ಹುಳದ ಮಾತ್ರೆ ಕೊಟ್ಟು ಚಿಗಟ ಬಿಟ್ಟರೆ ಅದು ಮತ್ತೆ ಬರುತ್ತೆ.

ನೆಗೆತದ ವಿಷಯ ಬಿಟ್ಟರೆ ಚಿಗಟಕ್ಕೆ ಅನ್ಯಾಯ. ಚಾರ್ಲ್ಸನ ಮಗಳು ಮಿರಿಯಮ್ ರಾಥ್ಸ್‌ಚೈಲ್ಡ್ ಅಪ್ಪನ ಹುಚ್ಚನ್ನು ಮುಂದುವರಿಸಿದಾಕೆ. ಮೊಲದ ಚಿಗಟ ಬಸುರಿ ಮೊಲದ ರಕ್ತದಲ್ಲಿನ ಹಾರ್ಮೋನು ಸಿಗದೆ ಮೊಟ್ಟೆಗೆ ಬರೋದೇ ಇಲ್ಲ ಅನ್ನೋದನ್ನು ತೋರಿಸಿದವರಲ್ಲಿ ಆಕೆ ಮುಖ್ಯ. ಮರಿ ಹುಟ್ಟೋ ಹೊತ್ತಿಗೆ ಚಿಗಟವೂ ತಯಾರು. ನೆಗೆತದ ಗುಟ್ಟು ಬಿಡಿಸಿದ್ದು 1967ರಲ್ಲಿ ಬೆನೆಟ್ ಕ್ಲಾರ್ಕ್ ಮತ್ತು ಲೂಸಿ. ಸ್ನಾಯು ಒಂದರಿಂದಲೇ ಅಷ್ಟು ಬೇಗ ನೆಗೆಯೋಕೆ ಸಾಧ್ಯವಿಲ್ಲ. ಎದೆಯ ಪಕ್ಕದಲ್ಲಿ ರೆಸಿಲಿನ್ ಅನ್ನೋ ರಬ್ಬರಿನಂಥ ವಸ್ತುವಿನ ಗಡ್ಡೆ ಇದೆ. ಮೊದಲು ಅದನ್ನು ಒತ್ತಿ ಹಿಡಿದು ಕೊಂಡಿ ಹಾಕಿಕೊಳ್ಳುತ್ತೆ. ಕೊಂಡಿ ಬಿಟ್ಟರೆ ಸೆಕೆಂಡಿನ ಸಾವಿರದ ಒಂದು ಪಾಲಿನಷ್ಟರಲ್ಲಿ ಹಾರಿರುತ್ತೆ. ಹಾರುವ ಕೀಟಗಳಲ್ಲಿ ಇದೇ ರೆಸಿಲಿನ್ ರೆಕ್ಕೆಯ ಬುಡದಲ್ಲಿರುತ್ತೆ. ಚಿಗಟದ ಪೂರ್ವಿಕರಿಗೂ ರೆಕ್ಕೆ ಇತ್ತು, ಅದು ಹೋದರೂ ಬುಡದ ರಬ್ಬರು ಉಳಿಯಿತು. ನೆಲವನ್ನು ತಳ್ಳೋದು ಮೊಣಕಾಲಿನಿಂದಲೋ ಪಾದದಿಂದಲೋ ಅನ್ನೋ ಜಗಳ ಮಾತ್ರ 2011ರವರೆಗೆ ಎಳೆಯಿತು. ಸಟನ್ ಮತ್ತು ಬರೋಸ್ ಅತಿವೇಗದ ಕ್ಯಾಮೆರಾದಲ್ಲಿ ಹಿಡಿದು ಪಾದದಿಂದ ಅಂತ ತೀರ್ಮಾನಿಸಿದರು.

1940ರ ದಶಕದಲ್ಲಿ ಡಿಡಿಟಿ ಬಂತು, ಸ್ಟ್ರೆಪ್ಟೋಮೈಸಿನ್ ಬಂತು, ಪ್ಲೇಗಿನ ಸೊಂಟ ಮುರಿಯಿತು. 1966ರಲ್ಲಿ ಆಗಿನ ಮೈಸೂರು ರಾಜ್ಯದಲ್ಲಿ ಕಂಡದ್ದಾದ ಮೇಲೆ 1994ರವರೆಗೆ ದೇಶದಲ್ಲಿ ಸುದ್ದಿಯಿರಲಿಲ್ಲ. ಆ ವರ್ಷ ಬೀಡ್ ಮತ್ತು ಸೂರತ್‌ನಲ್ಲಿ ಎದ್ದಾಗ ಊರಿಗೂರೇ ರೈಲು ಹತ್ತಿದ್ದು ನಮ್ಮ ವಯಸ್ಸಿನವರಿಗೆ ನೆನಪಿರಬಹುದು.

ಕೇಂದ್ರ ಸರ್ಕಾರದ ಪ್ಲೇಗು ಕಣ್ಗಾವಲು ಘಟಕ ಬೆಂಗಳೂರಿನಲ್ಲಿದೆ. ಕೋಲಾರ ಸೀಮೆಯ ನಮ್ಮಂಥ ಹಳ್ಳಿಗಳು ಅವರ ಪಟ್ಟಿಯಲ್ಲಿ ಹಳೆಯ ಹೆಸರುಗಳು. ಕೆಲಸದ ರೀತಿ ಲಿಸ್ಟನ್ ಕಾಲದ್ದೇ. ಬೋನಿನಲ್ಲಿ ಇಲಿ ಹಿಡಿಯೋದು, ಬಿಳಿ ತಟ್ಟೆ ಮೇಲೆ ಅದರ ಮೈ ಬಾಚೋದು, ಉದುರಿದ ಚಿಗಟಗಳಲ್ಲಿ ಕಿಯೋಪಿಸ್ ಎಷ್ಟು ಅಂತ ಎಣಿಸಿ ಇಲಿಗಳ ಸಂಖ್ಯೆಯಿಂದ ಭಾಗಿಸೋದು. ಒಂದು ಇಲಿಗೆ ಸರಾಸರಿ ಒಂದಕ್ಕಿಂತ ಹೆಚ್ಚು ಬಂದರೆ ಎಚ್ಚರಿಕೆ. ಇಲಿ, ನಾಯಿಗಳ ರಕ್ತವನ್ನೂ ತೆಗೆದುಕೊಂಡು ಹೋಗಿ ಪರೀಕ್ಷೆ ಮಾಡುತ್ತಾರೆ, ಯಾಕೆಂದರೆ ಸತ್ತ ಇಲಿ ನಮ್ಮ ಕಣ್ಣಿಗೆ ಬೀಳೋ ಮೊದಲು ನಾಯಿ ಬಾಯಿಗೆ ಬಿದ್ದಿರುತ್ತೆ. ಅವರು ಬೋನು ಹಿಡಿದು ನಿಮ್ಮೂರಿಗೆ ಬಂದರೆ ಕಣಜದ ಮೂಲೆ ತೋರಿಸಿ. ಹೊಡೆಯದೇ, ವಿಷ ಹಾಕದೇ ಇಲಿಗಳು ಗುಂಪಾಗಿ ಸತ್ತು ಬಿದ್ದದ್ದು ಕಂಡರೆ ಬರಿಗೈಯಲ್ಲಿ ಎತ್ತಬೇಡಿ, ನಾಯಿಯನ್ನು ಹತ್ತಿರ ಬಿಡಬೇಡಿ, ಆರೋಗ್ಯ ಕೇಂದ್ರಕ್ಕೆ ಅವತ್ತೇ ಫೋನ್ ಮಾಡಿ.